ಊರು ಹೊರಗಿಟ್ಟ ಹೆಂಗಸರು, ಊರಿನ ಹಾಡು: ಅಮ್ರೂಶ್ ಮನೆಯ ಒಂದು ಪ್ರಕರಣ

1969ರ ಜುಲೈನಲ್ಲಿ ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ನಲ್ಲಿ ಪ್ಯಾನ್ ಆಫ್ರಿಕನ್ ಉತ್ಸವ ನಡೀತು. ಖಂಡದ ಮೂಲೆಮೂಲೆಯಿಂದ ಹಾಡೋರು, ಕುಣಿಯೋರು, ನಾಟಕದೋರು ಬಂದಿದ್ರು. ಫ್ರಾನ್ಸಿನಿಂದ ಸ್ವಾತಂತ್ರ್ಯ ಬಂದು ಏಳು ವರ್ಷ ಆಗಿದ್ದ ಹೊಸ ದೇಶ, ನಮ್ಮ ಸಂಸ್ಕೃತಿ ನೋಡಿ ಅಂತ ಎದೆ ತಟ್ಟಿ ಹೇಳ್ಕೊಳ್ಳೋ ಸಮಯ. ಆದ್ರೆ ಅದೇ ದೇಶದ ಕಬೀಲಿಯಾ ಬೆಟ್ಟಗಳ ಹಾಡನ್ನ ಮೂವತ್ತು ವರ್ಷದಿಂದ ಹೊರಗಿನ ವೇದಿಕೆಗಳಲ್ಲಿ ಹಾಡ್ತಾ ಬಂದಿದ್ದ ತಾವೋಸ್ ಅಮ್ರೂಶ್‌ಗೆ ಮಾತ್ರ ದೇಶದ ಪರವಾಗಿ ಹಾಡೋಕೆ ಜಾಗ ಸಿಗಲಿಲ್ಲ. ಮೂರು ವರ್ಷ ಹಿಂದೆ ಸೆನೆಗಲ್ ದೇಶದ ಡಾಕಾರ್‌ನಲ್ಲಿ ನಡೆದ ಕಪ್ಪು ಜನರ ಕಲಾ ಉತ್ಸವದಲ್ಲಿ ಹಾಡಿ ಬಂದಿದ್ದೋರು ಅವರು, ಇಲ್ಲಿ ಸ್ವಂತ ಮನೇಲೇ ಹೊಸ್ತಿಲ ಹೊರಗೆ. ಅವರು ಸುಮ್ಮನೆ ಕೂರಲಿಲ್ಲ, ಅಲ್ಜಿಯರ್ಸ್‌ಗೆ ಬಂದು ವಿದ್ಯಾರ್ಥಿಗಳ ಮುಂದೆ ಹಾಡಿ ಹೋದ್ರು.

ಇದನ್ನ ಬರೀ 'ಸರ್ಕಾರ ಬರ್ಬರ್ ಭಾಷೆನ ತುಳೀತು' ಅಂತ ಓದೋದು ಸುಲಭ, ಮತ್ತು ಅದು ಸುಳ್ಳೂ ಅಲ್ಲ, ಆಗ ದೇಶ ಆಳ್ತಿದ್ದ ಬೂಮೆದಿಯನ್ ಕಾಲದಲ್ಲಿ ಅರಬೀಕರಣದ ಗಾಳಿ ಜೋರಾಗಿತ್ತು, ಬರ್ಬರ್ ಭಾಷೆಗಳಲ್ಲಿ ಒಂದಾದ ಕಬೀಲ್ ಅಂದ್ರೆ ಒಡಕಿನ ಮಾತು ಅನ್ನೋ ಅನುಮಾನ ಇತ್ತು. ಆದ್ರೆ ಆ ಮನೆಯ ಕತೆನ ಮೂರು ತಲೆಮಾರು ಹಿಂದಕ್ಕೆ ಹೋಗಿ ನೋಡಿದ್ರೆ ಬೇರೆ ಏನೋ ಕಾಣುತ್ತೆ. ಅಜ್ಜಿ ಐನಿ, ಮಗಳು ಫಾದ್ಮಾ, ಮೊಮ್ಮಗಳು ತಾವೋಸ್, ಈ ಮೂವರನ್ನೂ ಯಾರೋ ಒಬ್ಬರು ಹೊರಗಿಟ್ಟೋರೇ. ಒಬ್ಬಳನ್ನ ಅಣ್ಣ, ಒಬ್ಬಳನ್ನ ಊರು, ಒಬ್ಬಳನ್ನ ದೇಶ. ನಾನು ಈ ಪ್ರಕರಣದಲ್ಲಿ ನೋಡೋದು ಇಷ್ಟೇ, ಊರೊಳಗೆ ಭದ್ರವಾಗಿ ಕೂತಿದ್ದ ಹೆಂಗಸರ ಹಾಡು ಹೊರಗೆ ಬರಬೇಕಾದ್ರೆ ಊರೊಳಗೆ ಜಾಗ ಇಲ್ಲದ ಹೆಂಗಸರೇ ಯಾಕೆ ಬೇಕಾಯ್ತು, ಮತ್ತು ಹಂಗೆ ಹೊತ್ಕೊಂಡು ಬಂದಿದ್ದಕ್ಕೆ ಯಾರು ಏನು ತೆತ್ತರು.

ಮೊದಲು ಆ ಊರುಗಳ ಬಗ್ಗೆ ಸ್ವಲ್ಪ

ಕಬೀಲಿಯಾ ಅಂದ್ರೆ ಅಲ್ಜಿಯರ್ಸ್‌ನಿಂದ ಪೂರ್ವಕ್ಕೆ ಜುರ್ಜುರಾ ಪರ್ವತದ ಸುತ್ತಮುತ್ತ ಇರೋ ಬೆಟ್ಟದ ಸೀಮೆ. ಊರುಗಳೆಲ್ಲ ಬೆಟ್ಟದ ನೆತ್ತಿ ಮೇಲೆ ಒತ್ತೊತ್ತಾಗಿ, ಕೆಳಗೆ ಇಳಿಜಾರಲ್ಲಿ ಆಲಿವ್ ಮತ್ತು ಅಂಜೂರದ ಮರ. ಊರಿನ ವ್ಯವಹಾರ ನಡೆಸೋದು ತಜ್ಮಾತ್, ಅಂದ್ರೆ ಗಂಡಸರ ಪಂಚಾಯ್ತಿ ಕಟ್ಟೆ, ಅಲ್ಲಿ ಹೆಂಗಸರಿಗೆ ಜಾಗ ಇಲ್ಲ. ಹೆಂಗಸರು ಸೇರೋ ಜಾಗ ತಾಲಾ, ನೀರಿನ ಚಿಲುಮೆ. ಅಲ್ಲಿಗೆ ಗಂಡಸರು ಹೋಗಿ ನಿಲ್ಲೋದು ಮರ್ಯಾದೆ ಅಲ್ಲ. 18ನೇ ಶತಮಾನದ ಮಧ್ಯದಲ್ಲಿ ಇಲ್ಲಿನ ಪಂಚಾಯ್ತಿಗಳು ಸೇರಿ ಹೆಣ್ಣಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಅಂತ ಕಟ್ಟಳೆ ಮಾಡ್ಕೊಂಡಿದ್ರು. ಇಸ್ಲಾಮಿನ ಕಾನೂನು ಹೆಣ್ಣಿಗೆ ಗಂಡಿನ ಅರ್ಧದಷ್ಟಾದರೂ ಪಾಲು ಕೊಡುತ್ತೆ, ಇವರು ಅದನ್ನೂ ತೆಗೆದುಹಾಕಿದ್ರು, ಯಾಕಂದ್ರೆ ಬೆಟ್ಟದಲ್ಲಿ ಭೂಮಿ ಕಮ್ಮಿ, ಮಗಳ ಜೊತೆ ಹೊಲ ಬೇರೆ ಮನೆಗೆ ಹೋಗಬಾರದು.

ಹಂಗಂತ ಆ ಹೆಂಗಸರು ಬಾಯಿ ಮುಚ್ಕೊಂಡಿದ್ರು ಅಂದ್ಕೊಂಡ್ರೆ ಪೂರ್ತಿ ತಪ್ಪಾಗುತ್ತೆ. ಬೀಸುವಾಗ ಹಾಡು, ಮಗ್ಗದ ಮುಂದೆ ಕೂತಾಗ ಹಾಡು, ಆಲಿವ್ ಆರಿಸುವಾಗ ಹಾಡು, ಮಗು ತೂಗುವಾಗ, ಮದುಮಗಳ ಕೈಗೆ ಗೋರಂಟಿ ಹಚ್ಚುವಾಗ, ಸತ್ತೋರ ಮುಂದೆ, ಎಲ್ಲದಕ್ಕೂ ಬೇರೆ ಬೇರೆ ಹಾಡು. ಅಶೆವ್ವಿಕ್ ಅಂತ ಒಂದು ಬಗೆ ಇದೆ, ವಾದ್ಯ ಇಲ್ಲದೆ ಎಳೆದು ಎಳೆದು ಹಾಡೋದು, ಒಂಟಿತನ, ದೇಶಾಂತರ ಹೋದ ಮಗ, ಸಾವು ಇವೆಲ್ಲ ಅದರಲ್ಲಿ ಬರುತ್ತೆ. ಇಜ್ಲಿ ಅಂತ ಇನ್ನೊಂದು, ಕೆಲವೇ ಸಾಲಿನ ಪ್ರೇಮದ ಹಾಡು, ಯಾರು ಕಟ್ಟಿದ್ದು ಅಂತ ಯಾರಿಗೂ ಗೊತ್ತಿಲ್ಲ, ಗೊತ್ತಾಗಬಾರದು ಅನ್ನೋದೇ ಅದರ ಅನುಕೂಲ. ಹೆಸರು ಇಲ್ಲದಿದ್ರೆ ಏನು ಬೇಕಾದ್ರೂ ಹೇಳಬಹುದು, ಗಂಡನ ಮೇಲಿನ ಬೇಸರ, ಅತ್ತೆ ಮೇಲಿನ ಸಿಟ್ಟು, ಬೇರೆ ಯಾರದೋ ಮೇಲಿನ ಆಸೆ. ಉರಾರ್ ಅಂತ ಮದುವೆ ಮನೇಲಿ ಹೆಂಗಸರು ಸೇರಿ ಡೋಲು ಬಡಿದು ಹಾಡಿ ಕುಣಿಯೋದು ಇದೆಯಲ್ಲ, ಅಲ್ಲಿ ಇವೆಲ್ಲ ಹೊರಗೆ ಬರುತ್ತೆ.

ಶರತ್ತು ಒಂದೇ. ಹಾಡು ಹೆಂಗಸರ ನಡುವೆ ಇರಬೇಕು, ಮನೆತನದ ಗೋಡೆಯೊಳಗೆ ಇರಬೇಕು. ಅಪರಿಚಿತ ಗಂಡಸರ ಮುಂದೆ, ಕಾಸಿಗೆ, ಸ್ವಂತ ಹೆಸರು ಹೇಳ್ಕೊಂಡು ಹಾಡಿದ್ರೆ ಮನೆತನದ ಮಾನ ಹೋಯ್ತು ಅಂತಲೇ ಅರ್ಥ. ಗೋಡೆ ಮೇಲೆ ಚಿತ್ತಾರ ಬರೆಯೋದು, ಮಡಕೆ ಮಾಡೋದು, ಕಂಬಳಿ ನೇಯೋದು ಇವುಗಳ ಕತೆನೂ ಇದೇ. ಎಲ್ಲವೂ ಹೆಂಗಸರ ಕೈದು, ಎಲ್ಲವೂ ಮನೆಯೊಳಗೇ, ಸಹಿ ಇಲ್ಲ.

ಐನಿ

ಐನಿ ಮದುವೆ ಆದಾಗ ಇನ್ನೂ ಹುಡುಗಿ, ಗಂಡ ತುಂಬಾ ವಯಸ್ಸಾದೋನು. ಅವನು ಸತ್ತಾಗ ಇವಳಿಗೆ ಇಪ್ಪತ್ತರ ಆಚೀಚೆ, ಇಬ್ಬರು ಚಿಕ್ಕ ಗಂಡುಮಕ್ಕಳು. ಸಂಪ್ರದಾಯ ಏನಂದ್ರೆ ವಿಧವೆ ಹೆಣ್ಣು ತವರಿಗೆ ವಾಪಸ್ ಬರಬೇಕು, ಮಕ್ಕಳು ಗಂಡನ ಕಡೆಯೋರ ಪಾಲು. ಅಣ್ಣ ಕಾಸಿ ಕರ್ಕೊಂಡು ಹೋಗೋಕೆ ಬಂದ. ಇವಳು ಮಕ್ಕಳನ್ನ ಬಿಟ್ಟು ಬರಲ್ಲ ಅಂದ್ಲು. ಅಣ್ಣ ಅಲ್ಲಿಗೆ ಸಂಬಂಧ ಕಡ್ಕೊಂಡ, ಇನ್ನು ನೀನು ನಮ್ಮ ಮನೆ ಮಗಳಲ್ಲ ಅಂತ. ತಿಜಿ ಹಿಬೆಲ್ ಅನ್ನೋ ಊರಲ್ಲಿ ಇಬ್ಬರು ಮಕ್ಕಳ ಜೊತೆ ಒಂಟಿ ಹೆಂಗಸು, ಹೊಲ ಗೇಯೋದೂ ಇವಳೇ, ಬೀಸೋದೂ ಇವಳೇ, ಹೊಸ್ತಿಲು ಕಾಯೋದೂ ಇವಳೇ.

ಆಮೇಲೆ ಪಕ್ಕದ ಮನೆಯ, ಅದೇ ಬಳಗದ ಹುಡುಗನ ಜೊತೆ ಸಂಬಂಧ ಆಗಿ ಬಸುರಿ ಆದ್ಲು. ಅವನು ನನ್ನದಲ್ಲ ಅಂದ. ಆ ಕಾಲದ ಕಬೀಲಿಯಾದಲ್ಲಿ ಇಂಥ ವಿಧವೆಯನ್ನ ಕೊಂದ್ರೂ ಯಾರೂ ಕೇಳ್ತಿರಲಿಲ್ಲ, ಮಾನ ಉಳಿಸ್ಕೊಂಡ್ರು ಅನ್ನೋರೇ ಜಾಸ್ತಿ. ಮೈದುನಂದಿರಿಗೆ ಇದೇ ನೆಪ ಸಾಕಾಯ್ತು, ಇವಳನ್ನ ಓಡಿಸಿ ಮಕ್ಕಳನ್ನೂ ಆಸ್ತಿನೂ ತಗೊಳ್ಳೋದು ಅಂತ. ಐನಿ ಏನು ಮಾಡಿದ್ಲು ಅಂದ್ರೆ ನೇರ ಫ್ರೆಂಚ್ ಅಧಿಕಾರಿಗಳ ಹತ್ತಿರ ದೂರು ಕೊಟ್ಲು. 1857ರಲ್ಲಿ ಕಬೀಲಿಯಾನ ಗೆದ್ದು, 1871ರ ದಂಗೆ ಆದ್ಮೇಲೆ ಊರುಗಳ ಭೂಮಿ ಕಿತ್ಕೊಂಡ ಅದೇ ಫ್ರೆಂಚ್ ಸರ್ಕಾರ! ಊರಿನ ಗಂಡಸರ ಕಣ್ಣಲ್ಲಿ ಇದು ಬಸುರಿಗಿಂತ ದೊಡ್ಡ ಅಪರಾಧ ಅನ್ನಿಸಿರಬೇಕು. ಅಧಿಕಾರಿಗಳು ಮಕ್ಕಳಿಗೆ ಪೋಷಕರನ್ನ ನೇಮಿಸಿದ್ರು, ಇವಳನ್ನ ಮುಟ್ಟಬಾರದು ಅಂತ ಊರಿಗೆ ಹೇಳಿದ್ರು.

1882ರ ಸುಮಾರಿಗೆ ಫಾದ್ಮಾ ಹುಟ್ಟಿದ್ದು ರಾತ್ರಿ. ಐನಿ ಹತ್ತಿರ ಯಾರೂ ಇರಲಿಲ್ಲ, ಸೂಲಗಿತ್ತಿ ಬರಲಿಲ್ಲ, ಪಕ್ಕದಲ್ಲಿ ಇಬ್ಬರು ಚಿಕ್ಕ ಮಕ್ಕಳು. ಒಬ್ಬಳೇ ಹೆತ್ತು ಹೊಕ್ಕುಳ ಬಳ್ಳಿನ ಹಲ್ಲಲ್ಲಿ ಕಚ್ಚಿ ಕತ್ತರಿಸಿದ್ಲು. ಆಮೇಲೆ ಹಸುಗೂಸನ್ನ ಎದೆಗೆ ಕಟ್ಕೊಂಡು ಹೋಗಿ ಆ ಗಂಡಸಿನ ಮೇಲೆ ಕೇಸು ಹಾಕಿದ್ಲು, ಮಗು ನಿನ್ನದು ಅಂತ ಒಪ್ಕೋ ಅಂತ. ಕೇಸು ವರ್ಷಗಟ್ಟಲೆ ನಡೀತು. ಫ್ರೆಂಚ್ ಕಾನೂನಲ್ಲಿ ಅಪ್ಪ ಯಾರು ಅಂತ ಹುಡುಕೋದಕ್ಕೇ ಆಗ ನಿಷೇಧ ಇತ್ತು, ಹಾಗಾಗಿ ಮಗುಗೆ ಅಪ್ಪನ ಹೆಸರು ಸಿಗಲಿಲ್ಲ, ಅವನು 300 ಫ್ರಾಂಕ್ ಪರಿಹಾರ ಕೊಡಬೇಕು ಅಂತ ಮಾತ್ರ ಆಯ್ತು. ಐನಿ ಆ ದುಡ್ಡು ಮುಟ್ಟಲಿಲ್ಲ. ಹತಾಶೆಯಲ್ಲಿ ಒಂದು ಸಲ ಮಗುನ ಹಿಮದಂಥ ನೀರಲ್ಲಿ ಮುಳುಗಿಸಿದ್ಲಂತೆ, ಮಗು ಸಾಯಲಿಲ್ಲ. ಇದನ್ನ ಫಾದ್ಮಾ ಅವರೇ ಅರವತ್ತರ ವಯಸ್ಸಲ್ಲಿ ಬರೆದಿದ್ದಾರೆ, ಅಮ್ಮನ ಮೇಲೆ ಒಂದು ಕಹಿ ಮಾತಿಲ್ಲದೆ.

ಐನಿ ಕತೆ ಇಷ್ಟು ಉದ್ದ ಯಾಕೆ ಹೇಳಿದೆ ಅಂದ್ರೆ, ಸಾಮಾನ್ಯವಾಗಿ ಈ ಮನೆಯ ಬಗ್ಗೆ ಬರೆಯೋರು 'ಮೊದಲು ಓದಿದ ಹೆಣ್ಣುಮಗಳು' ಅಂತ ಫಾದ್ಮಾ ಅವರಿಂದ ಶುರು ಮಾಡ್ತಾರೆ. ಅಕ್ಷರ ಗೊತ್ತಿಲ್ಲದ ಐನಿ, ಅಣ್ಣನ ಮಾತನ್ನೂ ಊರಿನ ಕಟ್ಟಳೆನೂ ಮೀರಿ ಕೋರ್ಟಿಗೆ ಹೋಗಿದ್ದು ಸ್ಕೂಲಿಗಿಂತ ಮುಂಚೆ. ಬದಲಾವಣೆ ಪಠ್ಯಪುಸ್ತಕದ ಜೊತೆ ಬಂತು ಅನ್ನೋ ಲೆಕ್ಕ ಇಲ್ಲೇ ಕೆಡುತ್ತೆ.

ಸ್ಕೂಲು, ಮತ್ತು ಸ್ಕೂಲು ಮುಚ್ಚಿದ ಮೇಲೆ

ಅಪ್ಪ ಇಲ್ಲದ ಮಗುನ ಊರು ಹೆಂಗೆ ನಡೆಸ್ಕೊಳ್ತು ಅಂದ್ರೆ, ಒಂದು ಸಲ ಪಾಪಸ್‌ಕಳ್ಳಿ ಬೇಲಿಗೆ ತಳ್ಳಿದ್ರು, ಅಮ್ಮ ಬಂದು ಮೈಯಿಂದ ಮುಳ್ಳು ಕೀಳಬೇಕಾಯ್ತು. ಇನ್ನು ಇಲ್ಲಿ ಬಿಟ್ರೆ ಕೊಂದೇ ಹಾಕ್ತಾರೆ ಅಂತ ಹೆದರಿ ಐನಿ ಕ್ರೈಸ್ತ ಸನ್ಯಾಸಿನಿಯರ ಹತ್ತಿರ ಬಿಟ್ಲು. ಸ್ವಲ್ಪ ಕಾಲ ಆದ್ಮೇಲೆ ನೋಡೋಕೆ ಹೋದ್ರೆ ಮೈಮೇಲೆ ಚಾಟಿ ಏಟಿನ ಗುರುತು. ವಾಪಸ್ ಕರ್ಕೊಂಡು ಬಂದ್ಲು. ಆಮೇಲೆ ಫೋರ್ ನ್ಯಾಷನಲ್ ಅನ್ನೋ ಪಟ್ಟಣದ ಹತ್ತಿರ ತದೆರ್ತ್ ಉ ಫೆಲ್ಲಾ ಅನ್ನೋ ಕಡೆ ಹೆಣ್ಣುಮಕ್ಕಳಿಗೆ ಅಂತ ಇದ್ದ ಸರ್ಕಾರಿ ಹಾಸ್ಟೆಲ್ ಶಾಲೆಗೆ ಸೇರಿಸಿದ್ಲು, ಅಲ್ಲಿ ಧರ್ಮದ ಪಾಠ ಇರಲಿಲ್ಲ. ಕಬೀಲರು ಅರಬರಿಗಿಂತ ನಮಗೆ ಹತ್ತಿರ, ಇವರನ್ನ ಬೇಗ ಫ್ರೆಂಚ್ ಮಾಡಬಹುದು ಅಂತ ಆಗಿನ ಆಡಳಿತಕ್ಕೆ ಒಂದು ಭ್ರಮೆ ಇತ್ತು, ಆ ಶಾಲೆ ಆ ಭ್ರಮೆಯ ಪ್ರಯೋಗಶಾಲೆ ಇದ್ದಂಗೆ. ಸೇರಿದೋರಲ್ಲಿ ಅನಾಥರು, ದಿಕ್ಕಿಲ್ಲದೋರೇ ಜಾಸ್ತಿ. ಮಾನಸ್ಥರ ಮನೆ ಹೆಣ್ಣುಮಕ್ಕಳನ್ನ ಯಾರು ಕಳಿಸ್ತಾರೆ?

ಫಾದ್ಮಾ ಅಲ್ಲಿ ಓದಿ 1892ರಲ್ಲಿ ಪ್ರಾಥಮಿಕ ಶಿಕ್ಷಣದ ಸರ್ಟಿಫಿಕೇಟ್ ಪಡೆದ್ರು. ಕೆಲವೇ ವರ್ಷದಲ್ಲಿ ಶಾಲೆ ಮುಚ್ಚಿತು. ಈಗ ನೋಡಿ, ಫ್ರೆಂಚ್ ಓದೋಕೆ ಬರೆಯೋಕೆ ಬರುತ್ತೆ, ಆದ್ರೆ ಕೆಲಸ ಕೊಡೋರಿಲ್ಲ, ಮದುವೆ ಆಗೋರಿಲ್ಲ, ಊರಿಗೆ ವಾಪಸ್ ಹೋದ್ರೆ ಹಳೇ ಹೆಸರೇ ಕಾಯ್ತಿದೆ. ಅಮ್ಮನ ಜೊತೆ ಇದ್ದು ಆಲಿವ್ ಆರಿಸೋದು, ನೀರು ತರೋದು, ಮನೆಗೆಲಸ ಎಲ್ಲ ಹೊಸದಾಗಿ ಕಲಿತ್ರು. ನನಗೆ ಅನ್ಸೋದು ಆ ಕಾಲವೇ ಮುಂದಿನ ಎಲ್ಲದಕ್ಕೂ ಬುನಾದಿ, ಸ್ಕೂಲಲ್ಲ. ಓದು ಬಂದ ಹುಡುಗಿ ಓದು ಬಾರದ ಅಮ್ಮನ ಪಕ್ಕ ಕೂತು ಅಮ್ಮನ ಬಾಯಿಂದ ಹಾಡು ಕತೆ ಗಾದೆ ತುಂಬ್ಕೊಂಡಿದ್ದು. ಶಾಲೆ ಮುಚ್ಚದೆ ಇದ್ದು ಆಕೆ ಟೀಚರ್ ಆಗಿಬಿಟ್ಟಿದ್ರೆ ಆ ಹಾಡುಗಳು ಸಿಗ್ತಿತ್ತೋ ಇಲ್ವೋ.

ಆಮೇಲೆ ಆಯಿತ್ ಮಂಗೆಲ್ಲಾತ್ ಅನ್ನೋ ಕಡೆ ಸನ್ಯಾಸಿನಿಯರ ಆಸ್ಪತ್ರೇಲಿ ಕೆಲಸ. ಅಲ್ಲೇ ಬೆಲ್ಕಾಸೆಮ್ ಅಮ್ರೂಶ್ ಅನ್ನೋ ಹುಡುಗ ಕಂಡಿದ್ದು, ಪಾದ್ರಿಗಳ ಶಾಲೇಲಿ ಓದಿ ಕ್ರೈಸ್ತ ಆಗಿದ್ದೋನು. 1899ರ ಆಗಸ್ಟ್‌ನಲ್ಲಿ ಮದುವೆ, ಅದೇ ದಿನ ಆಕೆಗೆ ದೀಕ್ಷಾಸ್ನಾನ, ಹುಡುಗಿಗೆ 16, ಹುಡುಗನಿಗೆ 18. ಹೆಸರಿಗೆ ಮಾರ್ಗೆರಿಟ್ ಅಂತ ಸೇರಿತು. ಗಂಡನ ಊರು ಇಘಿಲ್ ಅಲಿ, ಆಯಿತ್ ಅಬ್ಬಾಸ್ ಬುಡಕಟ್ಟಿನ ಸೀಮೆ. ಮಾವನ ಮನೆಯೋರೆಲ್ಲ ಮುಸ್ಲಿಮರು, ಇವರಿಬ್ಬರು 'ಮ್ತುರ್ನಿ', ಅಂದ್ರೆ ಧರ್ಮ ಬದಲಾಯಿಸಿದೋರು ಅಂತ ಜನ ಚುಚ್ಚಿ ಕರೆಯೋ ಗುಂಪು. ಮುಸ್ಲಿಮರಿಗೆ ಇವರು ಪರಕೀಯರು, ಫ್ರೆಂಚರಿಗೆ ಇವರು ಎಷ್ಟೇ ಆದ್ರೂ 'ನೇಟಿವ್'ಗಳು. ಇದೂ ಸಾಲದು ಅಂತ ಬದುಕು ದೂಡೋಕೆ ಪಕ್ಕದ ಟ್ಯುನೀಶಿಯಾ ದೇಶದ ಟ್ಯುನಿಸ್‌ಗೆ ವಲಸೆ ಹೋದ್ರು, ಬೆಲ್ಕಾಸೆಮ್‌ಗೆ ರೈಲ್ವೆ ಕಂಪನೀಲಿ ಕೆಲಸ.

ಇದರಲ್ಲಿ ಒಂದು ಲಾಭ ಆಯ್ತು, ಯಾರೂ ಯೋಚಿಸಿ ಮಾಡಿದ್ದಲ್ಲ. ತಿಜಿ ಹಿಬೆಲ್ ಕಡೆಯ ಹಾಡು ಅಮ್ಮನಿಂದ ಬಂತು, ಇಘಿಲ್ ಅಲಿ ಕಡೆಯದು ಗಂಡನ ಮನೆಯ ಹೆಂಗಸರಿಂದ ಬಂತು. ಒಂದೇ ಊರಲ್ಲಿ ಹುಟ್ಟಿ ಅದೇ ಊರಲ್ಲಿ ಮದುವೆ ಆದ ಹೆಂಗಸಿಗೆ ಒಂದೇ ಸೀಮೆಯ ಹಾಡು ಬರ್ತಿತ್ತು, ಈಕೆಗೆ ಎರಡೂ ಬಂತು. ಟ್ಯುನಿಸ್‌ನಲ್ಲಿ ಅಕ್ಕಪಕ್ಕ ಇಟಾಲಿಯನ್ನರು, ಅರಬರು, ಯಾರಿಗೂ ಕಬೀಲ್ ಭಾಷೆ ಗೊತ್ತಿಲ್ಲ, ಹಾಗಾಗಿ ಹಾಡೋದು ಮಕ್ಕಳಿಗೋಸ್ಕರ ಮಾತ್ರ. ಊರಲ್ಲಾದ್ರೆ ಹಾಡಿಗೆ ಸಂದರ್ಭ ಇರ್ತಿತ್ತು, ಸುಗ್ಗಿಗೆ ಸುಗ್ಗಿ ಹಾಡು, ಮದುವೆಗೆ ಮದುವೆ ಹಾಡು. ಇಲ್ಲಿ ಸಂದರ್ಭ ಕಳಚಿ ಹಾಡು ಮಾತ್ರ ಉಳೀತು, ಊರು ಬಿಟ್ಟ ಅಮ್ಮ ಮಕ್ಕಳಿಗೆ ಊರನ್ನ ಕಾಣಿಸೋ ಒಂದೇ ದಾರಿ ಅದಾಗಿತ್ತು. ಆಮೇಲೆ ಇದೇ ಹಾಡು ವೇದಿಕೆ ಮೇಲೆ ಹೋಗೋಕೆ ಸಾಧ್ಯ ಆಗಿದ್ದೂ ಇದರಿಂದಲೇ, ಯಾಕಂದ್ರೆ ಸಂದರ್ಭದಿಂದ ಬಿಡಿಸೋ ಕೆಲಸ ಮನೇಲೇ ಮುಗಿದಿತ್ತು.

ಮಗನ ಹೆಸರಲ್ಲಿ, ಮಗಳ ದನಿಯಲ್ಲಿ

ಮಗ ಝಾಂ ಅಮ್ರೂಶ್ ಕವಿ, ಫ್ರೆಂಚ್‌ನಲ್ಲಿ ಬರೀತಿದ್ರು. 1939ರಲ್ಲಿ ಅಮ್ಮನ ಹಾಡುಗಳನ್ನ ಫ್ರೆಂಚ್‌ಗೆ ತಂದು ಟ್ಯುನಿಸ್‌ನಲ್ಲಿ ಪುಸ್ತಕ ಮಾಡಿದ್ರು. ಮುನ್ನುಡೀಲಿ ಅಮ್ಮನ ದನಿಯ ಬಗ್ಗೆ ಮನಸ್ಸು ತುಂಬಿ ಬರೆದಿದ್ದಾರೆ, ಅದನ್ನ ಓದಿದ್ರೆ ಈತ ಅಮ್ಮನ ಋಣ ಮರೆತ ಮಗ ಅನ್ನೋಕೆ ಆಗಲ್ಲ. ಆದ್ರೂ ಹೊರಗೆ ಬಂದಿದ್ದು ಹಾಡಿನ ಅರ್ಥ ಮಾತ್ರ, ಅದೂ ಇನ್ನೊಂದು ಭಾಷೇಲಿ, ಗಂಡಸಿನ ಹೆಸರಲ್ಲಿ.

ದನಿ ಹೊರಗೆ ಬಂದಿದ್ದು ಮಗಳು ತಾವೋಸ್ ಮೂಲಕ. 1913ರ ಮಾರ್ಚ್‌ನಲ್ಲಿ ಟ್ಯುನಿಸ್‌ನಲ್ಲಿ ಹುಟ್ಟಿದ ತಾವೋಸ್ 1930ರ ದಶಕದಲ್ಲಿ ಅಮ್ಮನ ಎದುರು ಕೂತು ಒಂದೊಂದೇ ಹಾಡು ಕಲೀತಾ ಹೋದ್ರು. 1939ರಲ್ಲಿ ಮೊರಾಕೋದ ಫೆಸ್ ನಗರದಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಹಾಡಿದ್ರು, ಅಲ್ಲಿಂದ ಮ್ಯಾಡ್ರಿಡ್‌ಗೆ ಸ್ಕಾಲರ್‌ಶಿಪ್ ಸಿಕ್ತು, ಸ್ಪೇನಿನ ಜನಪದ ಹಾಡು ಅಧ್ಯಯನ ಮಾಡೋಕೆ. ಜೊತೆಗೆ ಬರವಣಿಗೆ. 1947ರಲ್ಲಿ ಅವರ ಮೊದಲ ಕಾದಂಬರಿ ಬಂತು, ಅಲ್ಜೀರಿಯಾ ಮೂಲದ ಹೆಂಗಸು ಫ್ರೆಂಚ್‌ನಲ್ಲಿ ಬರೆದ ಮೊದಮೊದಲ ಕಾದಂಬರಿಗಳಲ್ಲಿ ಅದೂ ಒಂದು. ಪ್ಯಾರಿಸ್ ರೇಡಿಯೋದಲ್ಲಿ ಕಬೀಲ್ ಭಾಷೇಲೇ ಕಾರ್ಯಕ್ರಮ ನಡೆಸಿದ್ರು, 1966ರಲ್ಲಿ ಪ್ಯಾರಿಸ್‌ನಲ್ಲಿ ಬರ್ಬರ್ ಅಕಾಡೆಮಿ ಕಟ್ಟಿದ ಗುಂಪಲ್ಲಿ ಅವರೂ ಇದ್ರು, ಅದೇ ವರ್ಷ ಅಮ್ಮನಿಂದ ಕೇಳಿದ ಕತೆ, ಗಾದೆ, ಕವಿತೆ ಎಲ್ಲ ಸೇರಿಸಿ ಪುಸ್ತಕ ತಂದ್ರು. ಬರೆಯುವಾಗ ಹೆಸರು ಮಾರ್ಗೆರಿಟ್ ತಾವೋಸ್ ಅಂತ ಇಟ್ಕೊಂಡ್ರು, ಅಮ್ಮನ ಕ್ರೈಸ್ತ ಹೆಸರನ್ನ ತನ್ನ ಹೆಸರಿನ ಮುಂದೆ ಸೇರಿಸಿ. ಅಣ್ಣ ಅಪ್ಪನ ಕುಲದ ಹೆಸರು ಹೊತ್ರೆ ತಂಗಿ ಅದರ ಜೊತೆ ಅಮ್ಮನದನ್ನೂ ಹೊತ್ಕೊಂಡ್ರು.

ತಾವೋಸ್ ಹಾಡೋ ಶೈಲಿ ಬಗ್ಗೆ ಒಂದು ಮಾತು ಹೇಳಲೇಬೇಕು. ಪಕ್ಕವಾದ್ಯ ಇಲ್ಲ, ಒಬ್ಬರೇ ನಿಂತು, ಉದ್ದನೆ ನಿಲುವಂಗಿ, ಬೆಳ್ಳಿ ಒಡವೆ, ತುಂಬು ಗಂಟಲು, ಒಂದು ಥರ ದೇವಸ್ಥಾನದ ಗಾಂಭೀರ್ಯ. ಮೊದಲ ಸಲ ಕೇಳಿದೋರಿಗೆ ಇದು ಬೀಸೋ ಕಲ್ಲಿನ ಮುಂದಿನ ಹಾಡಾ ಅಥವಾ ಚರ್ಚಿನ ಹಾಡಾ ಅಂತ ಅನುಮಾನ ಬರುತ್ತೆ. ಊರಿನ ಹೆಂಗಸರು ಹಿಂಗೆ ಹಾಡಲ್ಲ, ಅವರು ಒಬ್ಬರ ಮೇಲೊಬ್ಬರು ಬಿದ್ದು, ನಡುವೆ ನಕ್ಕು, ಉಲುಲು ಕೂಗಿ, ಯಾರೋ ಒಬ್ಬಳು ಸಾಲು ಮರೆತ್ರೆ ಇನ್ನೊಬ್ಬಳು ಹಿಡ್ಕೊಂಡು ಹಾಡ್ತಾರೆ. ತಾವೋಸ್ ದನೀಲಿ ಆ ನಗು ಇಲ್ಲ, ತುಂಟತನ ಅಂತೂ ಮೊದಲೇ ಇಲ್ಲ. ನನ್ನ ಪ್ರಕಾರ ಇದು ಕೊರತೆನೇ, ಆದ್ರೆ ಆಗಿನ ಯುರೋಪಿನ ಸಭಿಕರು 'ಜಾನಪದ ಐಟಂ' ಅಂತ ತಲೆದೂಗಿ ಮರೆತುಬಿಡದ ಹಾಗೆ ಮಾಡೋಕೆ ಅವರು ಆರಿಸ್ಕೊಂಡ ದಾರಿ ಅದು. 1967ರಲ್ಲಿ ಅವರ ಮೊದಲ ಧ್ವನಿಮುದ್ರಿಕೆಗೆ ಫ್ರಾನ್ಸಿನಲ್ಲಿ ಪ್ರಶಸ್ತಿನೂ ಬಂತು.

ಡ್ರಾಯರಿನಲ್ಲಿ ಕೂತ ಹಸ್ತಪ್ರತಿ

ಈಗ ಫಾದ್ಮಾ ಅವರ ಆತ್ಮಕಥೆ. 1940ರ ಆಸುಪಾಸಲ್ಲಿ ಕೆಲವೇ ವರ್ಷದ ಅಂತರದಲ್ಲಿ ಮೂವರು ದೊಡ್ಡ ಗಂಡುಮಕ್ಕಳನ್ನ ಕಳ್ಕೊಂಡ್ರು. ಆ ದುಃಖಕ್ಕೆ ಅವರೇ ಕಬೀಲ್ ಭಾಷೇಲಿ ಪದ ಕಟ್ಟಿ ಹಾಡ್ಕೊಂಡಿದ್ದಾರೆ, ಅಮ್ಮನಿಂದ ಕಲಿತ ಹಳೇ ಧಾಟೀಲೇ. 1946ರಲ್ಲಿ ಮಗ ಝಾಂ ನಿನ್ನ ಕತೆ ಬರಿ ಅಂದಾಗ ಆಗಸ್ಟ್ ಒಂದೇ ತಿಂಗಳಲ್ಲಿ, ಟ್ಯುನಿಸ್ ಹತ್ತಿರದ ರಾದೆಸ್‌ನಲ್ಲಿ, ಇಡೀ ಕತೆ ಬರೆದು ಮುಗಿಸಿದ್ರು. ಅರವತ್ತು ದಾಟಿದ ಹೆಂಗಸು, ಜೀವಮಾನ ಪೂರ್ತಿ ಹೇಳದೆ ಇಟ್ಕೊಂಡಿದ್ದನ್ನ ಮೂವತ್ತು ದಿನದಲ್ಲಿ! ಭಾಷೆ ಫ್ರೆಂಚ್, ಯಾಕಂದ್ರೆ ಕಬೀಲ್ ಬರೆಯೋದನ್ನ ಆಕೆಗೆ ಯಾರೂ ಕಲಿಸಿರಲಿಲ್ಲ.

ಬರೆದಾದ್ಮೇಲೆ ಅದು ಡ್ರಾಯರ್ ಸೇರಿತು. ಗಂಡ ಬದುಕಿರೋ ತನಕ ಅಚ್ಚಾಗಬಾರದು, ಅವರ ಮನಸ್ಸಿಗೆ ನೋವಾಗುತ್ತೆ ಅಂತ. ಬೆಲ್ಕಾಸೆಮ್ ಕೆಟ್ಟ ಗಂಡ ಅಲ್ಲ, ಆತ್ಮಕಥೇಲಿ ಅವರ ಬಗ್ಗೆ ಪ್ರೀತಿನೇ ಇದೆ. ಆದ್ರೆ ಹೆಂಡತಿ ಹುಟ್ಟು ಎಂಥದ್ದು ಅನ್ನೋದನ್ನ ಊರಿಗೆಲ್ಲ ಓದೋಕೆ ಕೊಡೋದು ಅಂದ್ರೆ ಆ ತಲೆಮಾರಿನ ಕಬೀಲ್ ಗಂಡಸಿಗೆ ಆಗದ ಮಾತು, ಕ್ರೈಸ್ತ ಆದ್ರೇನು, ರೈಲ್ವೆ ನೌಕರ ಆದ್ರೇನು. ಐನಿ ಅಣ್ಣನ ಎದುರು ನಿಂತ ಹಾಗೆ ಫಾದ್ಮಾ ಗಂಡನ ಎದುರು ನಿಲ್ಲಲಿಲ್ಲ, ಕಾದ್ರು. ಬೆಲ್ಕಾಸೆಮ್ 1959ರ ಶುರುವಲ್ಲಿ ಇಘಿಲ್ ಅಲಿಯಲ್ಲಿ ತೀರ್ಕೊಂಡ್ರು. ಝಾಂ ಅಲ್ಜೀರಿಯಾ ಯುದ್ಧದ ಕಾಲದಲ್ಲಿ ಎರಡೂ ಕಡೆಯೋರ ನಡುವೆ ಮಾತುಕತೆಗೆ ಓಡಾಡಿ, 1962ರ ಏಪ್ರಿಲ್‌ನಲ್ಲಿ, ಕದನವಿರಾಮ ಆಗಿ ತಿಂಗಳು ತುಂಬೋ ಹೊತ್ತಿಗೆ ಸತ್ತೋದ್ರು, ಸ್ವಾತಂತ್ರ್ಯ ನೋಡಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಫಾದ್ಮಾ ಪ್ಯಾರಿಸ್‌ನಲ್ಲಿ ಕೂತು ಕತೆಗೆ ಕೊನೇ ಭಾಗ ಸೇರಿಸಿದ್ರು. 1967ರ ಜುಲೈನಲ್ಲಿ ಫ್ರಾನ್ಸಿನ ಬ್ರಿಟನಿಯ ಒಂದು ಆಸ್ಪತ್ರೇಲಿ ಆಕೆನೂ ಹೋದ್ರು. ಪುಸ್ತಕ ಬಂದಿದ್ದು 1968ರಲ್ಲಿ, ಬರೆದು ಇಪ್ಪತ್ತೆರಡು ವರ್ಷಕ್ಕೆ, ಬರೆದೋರು ಇಲ್ಲ. ಮುನ್ನುಡಿ ಬರೆದೋರಲ್ಲಿ ಅಲ್ಜೀರಿಯಾದ ಲೇಖಕ ಕಾತೆಬ್ ಯಾಸೀನ್ ಒಬ್ಬರು.

ಆ ಪುಸ್ತಕದಲ್ಲಿ ಆಕೆ ತನ್ನನ್ನ ಕೊನೇ ತನಕ ಕಬೀಲಳು ಅಂತಲೇ ಹೇಳ್ಕೊಳ್ತಾರೆ, ನಲವತ್ತು ವರ್ಷ ಟ್ಯುನಿಸ್‌ನಲ್ಲಿ ಇದ್ರೂ, ಫ್ರೆಂಚ್ ಓದಿದ್ರೂ. ಯಾವ ಊರು ಹುಟ್ಟಿದ ದಿನವೇ ಬೇಡ ಅಂತೋ ಆ ಊರಿನೋಳು ಅಂತ. ಇದನ್ನ ದೇಶಪ್ರೇಮ ಅಂತ ಹೊಗಳೋರೂ ಇದ್ದಾರೆ, ನನಗೆ ಅದು ಹಂಗೆ ಕಾಣಲ್ಲ. ಅದು ಹಕ್ಕಿನ ಮಾತು, ಪಿತ್ರಾರ್ಜಿತದಲ್ಲಿ ಪಾಲಿಲ್ಲ ಅಂದ ಸಮಾಜದಲ್ಲಿ ಹೆಣ್ಣು ತಾನಾಗೇ ಎತ್ಕೊಂಡ ಪಾಲು ಹಾಡು. ಅಮ್ಮನಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ, ಯಾವ ಪಂಚಾಯ್ತಿಯ ಅಪ್ಪಣೆನೂ ಬೇಡ.

ಬೇರೆ ದಾರಿ ಹಿಡಿದೋರು

ಈ ಒಂದು ಮನೆ ನೋಡಿ ಎಲ್ಲ ಕಬೀಲ್ ಹೆಂಗಸರ ಬಗ್ಗೆ ತೀರ್ಪು ಕೊಡೋಕೆ ಆಗಲ್ಲ, ಇವರು ಕ್ರೈಸ್ತರು, ಓದಿದೋರು, ವಲಸೆ ಹೋದೋರು. ಹಾಗಾಗಿ ಪಕ್ಕದಲ್ಲಿ ಇನ್ನೊಬ್ಬರನ್ನ ಇಟ್ಟು ನೋಡಬೇಕು. ಶೆರೀಫಾ ಅಂತ ಪ್ರಸಿದ್ಧರಾದ ಗಾಯಕಿ, 1926ರಲ್ಲಿ ಹುಟ್ಟಿದ್ದು, ಮುಸ್ಲಿಂ ಮನೆ, ಅಕ್ಷರ ಇಲ್ಲ, ಆಕ್ಬೂ ಪಟ್ಟಣದ ಕಡೆ ಬೆಳೆದಿದ್ದು. ಹಾಡ್ತಾಳೆ ಅಂತ ಮನೆಯೋರಿಂದ ಏಟು ತಿಂದು, ಹದಿಹರೆಯದಲ್ಲೇ ಮನೆ ಬಿಟ್ಟು ಅಲ್ಜಿಯರ್ಸ್‌ಗೆ ಓಡಿಹೋದ್ರು. ಹೋಗುವಾಗ ಆಕ್ಬೂಗೆ ವಿದಾಯ ಹೇಳಿ ಕಟ್ಟಿದ ಹಾಡು ಆಮೇಲೆ ಕಬೀಲರ ಮನೆಮನೆ ಹಾಡಾಯ್ತು, ಊರು ಬಿಟ್ಟು ಫ್ರಾನ್ಸಿಗೆ ದುಡಿಯೋಕೆ ಹೋದ ಗಂಡಸರು ಕೂಡ ಅದನ್ನ ತಮ್ಮದೇ ಅಂತ ಹಾಡ್ಕೊಂಡ್ರು. ಹೆಣ್ಣು ಹಾಡಬಾರದು ಅಂತ ಓಡಿಸಿದ್ದು, ಓಡಿಹೋಗುವಾಗ ಕಟ್ಟಿದ ಹಾಡನ್ನೇ ಎಲ್ಲರೂ ಹಾಡಿದ್ದು.

ಎರಡನೇ ಮಹಾಯುದ್ಧದ ನಂತರ ಅಲ್ಜಿಯರ್ಸ್ ರೇಡಿಯೋದ ಕಬೀಲ್ ವಿಭಾಗದಲ್ಲಿ ಹೆಂಗಸರು ಸೇರಿ ಹಾಡೋ ಕಾರ್ಯಕ್ರಮ ಶುರುವಾಯ್ತು. ಅಲ್ಲಿ ಬರ್ತಿದ್ದೋರಲ್ಲಿ ಸ್ವಂತ ಹೆಸರು ಬಿಟ್ಟು ಬೇರೆ ಹೆಸರಲ್ಲಿ ಹಾಡಿದೋರು ಬಹಳ, ಶೆರೀಫಾ ಅನ್ನೋದೂ ಇಟ್ಕೊಂಡ ಹೆಸರೇ, ಇನ್ನೊಬ್ಬ ಗಾಯಕಿ ಹನೀಫಾ ಅವರದೂ ಅಷ್ಟೇ. ರೇಡಿಯೋ ಒಂದು ಒಳ್ಳೇ ಉಪಾಯ ಆಗಿತ್ತು, ಮುಖ ಕಾಣಲ್ಲ, ಮನೆತನ ಗೊತ್ತಾಗಲ್ಲ, ದನಿ ಮಾತ್ರ ಪ್ರತಿ ಮನೆ ಒಳಗೂ ಹೋಗುತ್ತೆ. ಅಣ್ಣತಮ್ಮಂದಿರು ಬೈತಾ ಇರೋ ಮನೇಲೇ ಅತ್ತಿಗೆ ನಾದಿನಿಯರು ಕೇಳ್ಕೊಂಡು ಕೂತಿರ್ತಿದ್ರು. ತಾವೋಸ್ ಪ್ಯಾರಿಸ್ಸಿನ ಸಭೆಗೆ ಹಾಡಿದ್ರೆ ಈ ರೇಡಿಯೋ ಹೆಂಗಸರು ಊರಿಗೇ ಹಾಡಿದ್ರು. ನಿಜ ಹೇಳಬೇಕಂದ್ರೆ ಊರಿನ ಹೆಣ್ಣುಮಕ್ಕಳ ಮೇಲೆ ಆದ ಪ್ರಭಾವದಲ್ಲಿ ಇವರದೇ ಮೇಲುಗೈ, ಆದ್ರೆ ವಿದ್ವಾಂಸರ ಬರಹದಲ್ಲಿ ಜಾಗ ಜಾಸ್ತಿ ಸಿಕ್ಕಿದ್ದು ತಾವೋಸ್‌ಗೆ, ಯಾಕಂದ್ರೆ ಅವರು ಬರೀತಿದ್ರು, ಫ್ರೆಂಚ್‌ನಲ್ಲಿ ವಾದ ಮಾಡ್ತಿದ್ರು, ಇವರು ಹಾಡ್ತಿದ್ರು ಅಷ್ಟೇ.

ದಾರಿ ಬೇರೆ ಆದ್ರೂ ಬಾಗಿಲು ಒಂದೇ ಅನ್ನೋದು ಗಮನಿಸಿ. ಶೆರೀಫಾ ಕೂಡ ಮನೆ ಬಿಟ್ಟ ಮೇಲೇ ಹಾಡಿದ್ದು.

ಕಾನೂನು ಏನು ಮಾಡ್ತು

ಬೇಗ ಹೇಳಿ ಮುಗಿಸ್ತೀನಿ. 1930 ಮತ್ತು 1931ರಲ್ಲಿ ಫ್ರೆಂಚ್ ಸರ್ಕಾರ ಕಬೀಲಿಯಾಕ್ಕೆ ಅಂತಲೇ ಕಾನೂನು ತಂದು ಮದುವೆ ವಯಸ್ಸಿಗೆ ಕನಿಷ್ಠ ಮಿತಿ ಇಟ್ಟಿತು, ಹೆಂಗಸರಿಗೆ ವಿಚ್ಛೇದನ ಮತ್ತು ಆಸ್ತಿ ಅನುಭವಿಸೋದರಲ್ಲಿ ಒಂದಿಷ್ಟು ಹಕ್ಕು ಕೊಡ್ತು. ಸ್ವಾತಂತ್ರ್ಯ ಯುದ್ಧದಲ್ಲಿ ಬೆಟ್ಟದ ಹೆಂಗಸರು ಅನ್ನ ಬೇಯಿಸಿ, ಸುದ್ದಿ ಮುಟ್ಟಿಸಿ, ಬಂದೂಕು ಹಿಡಿದು ಎಲ್ಲಾ ಮಾಡಿದ್ರು. ಆಮೇಲೆ 1984ರಲ್ಲಿ ಬಂದ ಕುಟುಂಬ ಕಾನೂನು ಹೆಣ್ಣನ್ನ ಮತ್ತೆ ಗಂಡಸಿನ ಸುಪರ್ದಿ ಕೆಳಗೇ ಇಟ್ಟಿತು, 2005ರಲ್ಲಿ ಸ್ವಲ್ಪ ತಿದ್ದಿದ್ರು. ಭಾಷೆ ಕಡೆಯಿಂದ ನೋಡಿದ್ರೆ 1980ರಲ್ಲಿ ಹಳೇ ಕಬೀಲ್ ಕವಿತೆ ಬಗ್ಗೆ ಕಬೀಲ್ ಲೇಖಕ ಮೌಲೂದ್ ಮಮ್ಮೇರಿ ಅವರ ಉಪನ್ಯಾಸ ನಿಲ್ಲಿಸಿದ್ದಕ್ಕೆ ಕಬೀಲಿಯಾದ ತಿಜಿ ಉಜು ನಗರದಲ್ಲಿ ಚಳವಳಿ ಎದ್ದಿತು, 2002ರಲ್ಲಿ ತಮಾಜಿಗ್ತ್, ಅಂದ್ರೆ ಬರ್ಬರ್ ಭಾಷೆ, ರಾಷ್ಟ್ರೀಯ ಭಾಷೆ ಆಯ್ತು, 2016ರಲ್ಲಿ ಅಧಿಕೃತ ಭಾಷೆ. ತಾವೋಸ್ 1976ರಲ್ಲೇ ತೀರ್ಕೊಂಡಿದ್ರು, ಇದ್ಯಾವುದನ್ನೂ ನೋಡಲಿಲ್ಲ.

ಅಷ್ಟೊತ್ತಿಗೆ ಬೆಟ್ಟದಲ್ಲೂ ಕಾಲ ಬದಲಾಗಿತ್ತು. 1956ರಲ್ಲಿ ಹುಟ್ಟಿದ ಮಲಿಕಾ ದೊಮ್ರಾನ್ 1970ರ ದಶಕದ ಕೊನೆಗೆ ಗಾಯಕಿಯಾಗಿ ಹೆಸರು ಮಾಡಿದ್ರು. ಸ್ವಂತ ಹೆಸರಲ್ಲಿ, ಮುಖ ಮುಚ್ಚದೆ, ಹೆಣ್ಣಿನ ಮನಸ್ಸಿನ ಮಾತನ್ನ ನೇರವಾಗಿ. ಅವರ ಊರು ಯಾವುದು ಗೊತ್ತಾ? ತಿಜಿ ಹಿಬೆಲ್, ಐನಿ ಒಂಟಿಯಾಗಿ ಹೆತ್ತ ಅದೇ ಊರು. ಊರು ಬದಲಾಯ್ತು ಅಂತ ಖುಷಿ ಪಡೋ ಮುಂಚೆ ಇದನ್ನೂ ನೋಡಬೇಕು, ಅವರೂ ಫ್ರಾನ್ಸಿಗೆ ಹೋಗಿ ನೆಲೆಸಿದೋರೇ.

ಈ ಪ್ರಕರಣದಲ್ಲಿ ಕಾಣದೇ ಇರೋರು

ಊರಲ್ಲೇ ಉಳಿದ ಹೆಂಗಸರು. ಅವರ ಹಾಡು ಇನ್ನೂ ದೊಡ್ಡದಿತ್ತು, ಆದ್ರೆ ಹೊರಗೆ ಬರೋ ಕಾರಣ ಅವರಿಗಿರಲಿಲ್ಲ, ಬಂದ್ರೆ ಕಳ್ಕೊಳ್ಳೋದೇ ಜಾಸ್ತಿ. ಮನೆ, ಮಕ್ಕಳು, ಅಣ್ಣತಮ್ಮಂದಿರ ಆಸರೆ, ಎಲ್ಲಾ ಇದ್ದೋಳು ಯಾಕೆ ಪಣಕ್ಕಿಡ್ತಾಳೆ? ಏನೂ ಇಲ್ಲದೋಳಿಗೆ ಮಾತ್ರ ಆ ಧೈರ್ಯ ಅಗ್ಗವಾಗಿ ಸಿಗೋದು. ಮನೆಗೆ ನಲ್ಲಿ ಬಂದು, ಹಿಟ್ಟಿನ ಗಿರಣಿ ಬಂದು, ಮಣ್ಣಿನ ಮನೆ ಹೋಗಿ ಕಾಂಕ್ರೀಟ್ ಮನೆ ಬಂದ ಮೇಲೆ ಚಿಲುಮೆ, ಬೀಸೋಕಲ್ಲು, ಗೋಡೆ ಚಿತ್ತಾರ ಎಲ್ಲ ಒಟ್ಟಿಗೆ ಸರಿದುಹೋದ್ವು, ಅದರ ಜೊತೆಗಿದ್ದ ಹಾಡೂ ಬಹಳಷ್ಟು ಹೋಯ್ತು. ನೀರು ಹೊರೋ ಕಷ್ಟ ತಪ್ಪಿದ್ದಕ್ಕೆ ಯಾವ ಹೆಂಗಸೂ ಅಳಲಿಲ್ಲ, ಅಳಬೇಕಾಗೂ ಇಲ್ಲ. ಮದುವೆಯ ಉರಾರ್ ಮಾತ್ರ ಗಟ್ಟಿಯಾಗಿ ಉಳ್ಕೊಂಡಿದೆ, ಪಕ್ಕದಲ್ಲಿ ಡಿಜೆ ಸ್ಪೀಕರ್ ಇದ್ರೂ.

ಉಳಿದಿರೋ ಜಗಳ ಹೆಸರಿನದು. ಈ ಹಾಡುಗಳನ್ನ ಈಗ ಹುಡುಕಿದ್ರೆ ಅನುವಾದಕ ಅಂತ ಝಾಂ ಹೆಸರು ಸಿಗುತ್ತೆ, ಗಾಯಕಿ ಅಂತ ತಾವೋಸ್ ಹೆಸರು ಸಿಗುತ್ತೆ, ಹೇಳಿಕೊಟ್ಟ ಅಮ್ಮ ಅಂತ ಫಾದ್ಮಾ ಹೆಸರು ಮುನ್ನುಡೀಲಿ ಸಿಗುತ್ತೆ. ಐನಿ ಸಿಗೋದು ಮಗಳ ಆತ್ಮಕಥೇಲಿ ಮಾತ್ರ. ಐನಿಗೆ ಕಲಿಸಿದೋರು, ಇಘಿಲ್ ಅಲಿಯ ಆ ಅತ್ತೆ ನಾದಿನಿಯರು, ಅವರ ಹೆಸರು ಹಾಡಿನ ಪಕ್ಕ ಯಾರೂ ಬರೆದಿಡಲಿಲ್ಲ, ಅವರನ್ನ ಕೇಳಿದ್ರೆ ಬರೀಬೇಡಿ ಅಂತಲೇ ಅಂದಿರ್ತಿದ್ರೇನೋ.